ಪ್ರತಿ ಮೆಟ್ಟಿಲಿನಲ್ಲಿಯೂ ಒಬ್ಬ ಮುಂದಾಳು

ಮುಂದಾಳು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಎತ್ತರದ ಒಂದು ಆಸನ, ಅದರ ಮೇಲೆ ಕುಳಿತ ಒಬ್ಬ ಮಹನೀಯ, ಆತನ ಅಪ್ಪಣೆಯನ್ನು ಕಾದು ನಿಂತಿರುವ ನೂರಾರು ಜನ. ಹೀಗೆ ಭಾವಿಸುವುದಕ್ಕೆ ಕಾರಣವಿಲ್ಲದಿಲ್ಲ. ಅರಮನೆಯ ದರ್ಬಾರು, ತಾಲ್ಲೂಕು ಕಚೇರಿ, ಕೂಡುಕುಟುಂಬದ ಜಗಲಿ, ಎಲ್ಲೆಲ್ಲಿಯೂ ನಾವು ತಲೆತಲಾಂತರದಿಂದ ಕಂಡುಬಂದಿರುವ ಚಿತ್ರವೇ ಇದು. ಆದರೆ ಕಾರಖಾನೆಯೆಂಬುದು ದರ್ಬಾರಿನಂತಲ್ಲ. ಅಲ್ಲಿ ಉರಿಯುವ ಬೆಂಕಿಗೆ ದೊಡ್ಡವರು ಚಿಕ್ಕವರೆಂಬ ಗುರುತು ತಿಳಿಯದು. ನಡುರಾತ್ರಿಯಲ್ಲಿ ಕುಲುಮೆಯ ಉಸಿರು ಕಟ್ಟಿದರೆ ಆಗ ಅದರ ಬಳಿಯಲ್ಲಿ ಎಚ್ಚರವಾಗಿರುವವನು ಮೇನೇಜರನಲ್ಲ. ಮೂರನೆಯ ಪಾಳಿಯಲ್ಲಿ ಬೆವರು ಸುರಿಸುತ್ತಿರುವ ಆಳು. ಆ ಹೊತ್ತಿನಲ್ಲಿ ಮಾತನಾಡುವ ಧೈರ್ಯವೂ ನಿರ್ಧಾರಮಾಡುವ ಅಧಿಕಾರವೂ ಅವನಿಗೆ ಇಲ್ಲದೆಹೋದರೆ, ಮೇಲಿನ ಆಸನದಲ್ಲಿರುವವನು ಎಷ್ಟು ಬುದ್ಧಿವಂತನಾಗಿದ್ದರೇನು?

ಈ ವಿಷಯವನ್ನು ವಿಚಾರಮಾಡುವುದಕ್ಕೆ ಭದ್ರಾವತಿಗಿಂತ ತಕ್ಕ ಸ್ಥಳ ಕನ್ನಡನಾಡಿನಲ್ಲಿ ಮತ್ತೊಂದಿಲ್ಲ. ಶಿವಮೊಗ್ಗೆಯಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿರುವ ಈ ಊರಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಹೆಸರಿನ ಫಲದಿಂದಲೇ ಅಲ್ಲಿಗೆ ಕುಲುಮೆ ಬಂದಿತೆಂದು ಹಾಸ್ಯಪ್ರಿಯರು ಹೇಳಿಯಾರು. ನಿಜವಾದ ಕಾರಣಗಳು ಬೇರೆ. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಭಂಡಿಗುಡ್ಡದಲ್ಲಿ ಸುಣ್ಣದ ಕಲ್ಲು, ಪಕ್ಕದಲ್ಲಿ ಭದ್ರಾನದಿಯ ನೀರು, ಸುತ್ತಲೂ ಮಲೆನಾಡಿನ ಕಾಡು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಸಿಕ್ಕುವುದಿಲ್ಲವಾದುದರಿಂದ ಕಾಡಿನ ಮರವನ್ನು ಇದ್ದಿಲುಮಾಡಿ ಅದರಿಂದಲೇ ಕಬ್ಬಿಣವನ್ನು ಕರಗಿಸುವ ಏರ್ಪಾಟಾಯಿತು. ಹೀಗೆ ಮೈಸೂರು ಕಬ್ಬಿಣದ ಕಾರಖಾನೆಯು ೧೯೨೩ನೆಯ ಇಸವಿ ಜನವರಿ ೧೮ರಂದು ಕೆಲಸವನ್ನಾರಂಭಿಸಿತು. ಮುಂದೆ ಉಕ್ಕು, ಸಿಮೆಂಟು, ಕಾಗದ ಇವುಗಳ ಕಾರಖಾನೆಗಳೂ ಆ ಊರಿಗೆ ಬಂದುವು.

ಆರಂಭದ ದಿನಗಳು ಸುಖದವಾಗಿರಲಿಲ್ಲ. ಮೊದಲನೆಯ ಮಹಾಯುದ್ಧವು ಮುಗಿದಮೇಲೆ ಕಬ್ಬಿಣದ ಬೆಲೆ ಇಳಿದುಹೋಗಿತ್ತು. ಯೋಜನೆಯನ್ನು ರೂಪಿಸಿದವರು ಅಮೆರಿಕದ ತಜ್ಞರು. ಮೊದಮೊದಲು ಕುಲುಮೆಯ ಮರ್ಮವನ್ನು ಬಲ್ಲವರೂ ಹೊರದೇಶದವರೇ. ಸಂಸ್ಥಾನದ ದಿವಾನಗಿರಿಯನ್ನು ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೨೩ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು ೧೯೨೯ರವರೆಗೆ ಅದನ್ನು ನಡೆಸಿದರು. ವೆಚ್ಚವನ್ನು ತಗ್ಗಿಸಿದುದು, ಲೆಕ್ಕವನ್ನು ಬಿಗಿಮಾಡಿದುದು ಇವೆಲ್ಲವೂ ಆ ಕಾಲದ ಕಥೆಯಲ್ಲಿ ಸೇರಿವೆ. ನಮ್ಮ ಇಂದಿನ ವಿಷಯಕ್ಕೆ ಬೇಕಾದುದು ಇನ್ನೊಂದು ಸಂಗತಿ: ಹೊರದೇಶದವರ ಸ್ಥಾನಗಳಲ್ಲಿ ಕ್ರಮಕ್ರಮವಾಗಿ ಈ ನಾಡಿನ ತರುಣರನ್ನೇ ತಂದು ನಿಲ್ಲಿಸಿದುದು.

ಇದು ಹೇಳುವಷ್ಟು ಸುಲಭವಾದ ಕೆಲಸವಲ್ಲ. ಹೊರಗಿನ ತಜ್ಞನೊಬ್ಬನು ಹಡಗು ಹತ್ತಿದ ಮಾರನೆಯ ದಿನವೂ ಕುಲುಮೆ ಉರಿಯುತ್ತಲೇ ಇರಬೇಕು. ಆದಕಾರಣ ಅವನು ಇರುವಾಗಲೇ ಅವನ ಪಕ್ಕದಲ್ಲಿ ಇನ್ನೊಬ್ಬನು ನಿಂತು ಕಲಿತಿರಬೇಕು. ನೋಡಿ ಕಲಿತರೆ ಸಾಲದು, ಅವನ ಎದುರಿನಲ್ಲಿಯೇ ತಾನಾಗಿ ನಿರ್ಧಾರ ಮಾಡಿ, ಕೆಲವು ಸಲ ಕೆಡಿಸಿ, ಮತ್ತೆ ಸರಿಮಾಡಿ ಕಲಿತಿರಬೇಕು. ಮೇಲಿನವನಿಗೆ ಹೊಟ್ಟೆಕಿಚ್ಚಿದ್ದರೆ ಈ ಕೆಲಸ ನಡೆಯುವುದಿಲ್ಲ. ತನ್ನ ವಿದ್ಯೆಯನ್ನು ಬಚ್ಚಿಟ್ಟುಕೊಂಡು, ತಾನಿಲ್ಲದೆ ಯಾವುದೂ ಸಾಗದೆಂದು ತೋರಿಸಿಕೊಳ್ಳುವ ಅಧಿಕಾರಿಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂಥವರ ಕೈಕೆಳಗೆ ಇಪ್ಪತ್ತು ವರ್ಷ ದುಡಿದವನೂ ಕೊನೆಯವರೆಗೆ ಬರಿಯ ಕೈಯಾಳಾಗಿಯೇ ಉಳಿಯುತ್ತಾನೆ. ವಿಶ್ವೇಶ್ವರಯ್ಯನವರು ಭದ್ರಾವತಿಯ ದುಡಿಮೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಕಸುಬಿನ ಶಿಕ್ಷಣಕ್ಕೆಂದು ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರರ ಹೆಸರಿನಲ್ಲಿ ಸ್ಥಾಪಿತವಾದ ವೃತ್ತಿಶಿಕ್ಷಣ ಸಂಸ್ಥೆಯ ಹಿಂದೆ ಇರುವುದು ಆ ಹಣವೇ.

ಆದರೆ ಕಥೆಯ ಇನ್ನೊಂದು ಮಗ್ಗುಲನ್ನು ಮರೆಮಾಡಿದರೆ ವಾಚಕರಿಗೆ ಅನ್ಯಾಯವಾದೀತು. ಸಂಸ್ಥಾನದ ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಪಂಗಡಗಳವರಿಗೆ ತಕ್ಕ ಸ್ಥಾನ ದೊರೆಯುತ್ತಿಲ್ಲವೆಂಬ ದೂರು ಆ ಕಾಲದಲ್ಲಿ ಬಲವಾಗಿತ್ತು. ೧೯೧೮ರಲ್ಲಿ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಸರ್ ಲೆಸ್ಲಿ ಮಿಲ್ಲರ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆಯೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆಯೂ ಆ ಪಂಗಡಗಳವರನ್ನು ತರಬೇಕೆಂದು ಸಮಿತಿಯು ಸಲಹೆಮಾಡಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗವು ಒಪ್ಪಿಗೆಯಾಗಲಿಲ್ಲ. ಯೋಗ್ಯತೆಯೊಂದೇ ಅಳತೆಯಾಗಿರಬೇಕೆಂಬುದು ಅವರ ನಿಲುವು. ಅವರು ಅಧಿಕಾರವನ್ನು ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೇ ಮುಖ್ಯ ಕಾರಣವೆಂದು ಚರಿತ್ರಕಾರರು ಸಾಮಾನ್ಯವಾಗಿ ಹೇಳುತ್ತಾರೆ.

ಅಮೆರಿಕದವನ ಕುರ್ಚಿಯಲ್ಲಿ ಮೈಸೂರಿನ ಹುಡುಗನು ಕೂರಬಲ್ಲನೆಂದು ದೃಢವಾಗಿ ನಂಬಿ, ಅದನ್ನು ಮಾಡಿಯೂ ತೋರಿಸಿದ ಮಹನೀಯರು ಅವರು. ಶಾಲೆಯ ಮುಖವನ್ನೇ ಕಾಣದ ಮನೆತನದ ಹುಡುಗನಿಗಾಗಿ ಕುರ್ಚಿಯೊಂದನ್ನು ಮೊದಲೇ ತೆಗೆದಿರಿಸಬೇಕೆಂಬ ವಾದವು ಅವರ ಮನಸ್ಸಿಗೆ ಹತ್ತಲಿಲ್ಲ. ಈ ಲೇಖಕನ ಅಲ್ಪಮತಿಗೆ ತೋರುವುದೇನೆಂದರೆ, ಎರಡೂ ಒಂದೇ ವಾದದ ಎರಡು ಕೊನೆಗಳು. ಅವಕಾಶವಿಲ್ಲದವನಿಗೆ ಯೋಗ್ಯತೆ ಬರುವುದು ಹೇಗೆ? ಹೊರದೇಶದ ತಜ್ಞನ ಪಕ್ಕದಲ್ಲಿ ನಮ್ಮ ತರುಣನನ್ನು ನಿಲ್ಲಿಸಿದ ಮೇಲಲ್ಲವೇ ಅವನು ಕಲಿತದ್ದು? ಮಿಲ್ಲರ್ ಸಮಿತಿಯವರು ಹೇಳಿದ್ದೂ ಬೇರೆ ತರಗತಿಯ ಜನರನ್ನು ಹಾಗೆ ಪಕ್ಕದಲ್ಲಿ ನಿಲ್ಲಿಸಿರೆಂದೇ. ನೂರು ವರ್ಷಗಳ ತರುವಾಯ ಇಂದಿಗೂ ನಮ್ಮ ಕಚೇರಿ ಕಾರಖಾನೆಗಳಲ್ಲಿ ಈ ವ್ಯಾಜ್ಯ ಬಗೆಹರಿದಿಲ್ಲ.

ಇದಿರಲಿ. ಇಂದಿನ ಒಂದು ಚಿಕ್ಕ ಕಾರಖಾನೆಯ ಕಡೆಗೆ ತಿರುಗೋಣ. ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ವಾಹನಗಳಿಗೂ ಯಂತ್ರಗಳಿಗೂ ಬೇಕಾಗುವ ಎರಕದ ಭಾಗಗಳನ್ನು ಮಾಡುವುದರಲ್ಲಿ ಶಿವಮೊಗ್ಗೆಗೆ ಒಳ್ಳೆಯ ಹೆಸರುಂಟು. ಅಂತಹ ಎರಕದ ಮನೆಯೊಂದನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಮರಳಿಗೆ ಜೇಡಿಮಣ್ಣನ್ನೂ ನೀರನ್ನೂ ಬೆರೆಸಿ ಅಚ್ಚು ಕಟ್ಟುತ್ತಾರೆ. ನೀರು ತುಸು ಹೆಚ್ಚಾದರೆ, ಕರಗಿದ ಕಬ್ಬಿಣವು ಅಚ್ಚಿನೊಳಗೆ ಬಿದ್ದೊಡನೆ ಆವಿಯೆದ್ದು, ಹೊರಗೆ ಹೋಗಲು ದಾರಿಕಾಣದೆ ಲೋಹದೊಳಗೆ ಗುಳ್ಳೆಯಾಗಿ ನಿಂತುಬಿಡುತ್ತದೆ. ನೀರು ಕಡಿಮೆಯಾದರೆ ಅಚ್ಚಿನ ಅಂಚು ಉದುರುತ್ತದೆ. ತೇವವನ್ನಳೆಯುವ ಉಪಕರಣವೇನೋ ಪರೀಕ್ಷೆಯ ಕೊಠಡಿಯಲ್ಲಿ ಇದ್ದೇ ಇರುತ್ತದೆ. ಆದರೆ ಮರಳನ್ನು ಬೆರೆಸುವ ಅನುಭವಸ್ಥ ಆಳು ಒಂದು ಹಿಡಿಯನ್ನು ತೆಗೆದು ಮುಷ್ಟಿಯಲ್ಲಿ ಒತ್ತಿ, ಬೆರಳು ಬಿಡಿಸಿ, ಉಂಡೆಯನ್ನು ಮುರಿದು ನೋಡಿ, ಉಪಕರಣ ಬರುವುದಕ್ಕೆ ಮೊದಲೇ ಹೇಳಬಲ್ಲನು. ಚಕ್ಕುಲಿಯ ಹಿಟ್ಟನ್ನು ಕಲಸುವ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಆಷಾಢದ ಜಡಿಮಳೆಯ ಒಂದು ಬೆಳಗ್ಗೆ ಮರಳು ಹೆಚ್ಚು ತೇವವಾಗಿದೆಯೆಂದು ಅವನಿಗೆ ತಿಳಿಯಿತೆನ್ನಿ. ಅವನು ಹೋಗಿ ಮೇಸ್ತ್ರಿಗೆ ಹೇಳುತ್ತಾನೆ. ಅಂದು ಮೇಸ್ತ್ರಿಗೆ ಆತುರ. ಸಂಜೆಯೊಳಗೆ ಇಂತಿಷ್ಟು ಅಚ್ಚುಗಳಾಗಬೇಕೆಂದು ಮೇಲಿನಿಂದ ಅಪ್ಪಣೆಯಾಗಿದೆ. "ನಿನ್ನ ಕೆಲಸ ನೀನು ನೋಡಿಕೊ" ಎಂದುಬಿಡುತ್ತಾನೆ. ನಾಲ್ಕೇ ಮಾತು. ಆಳು ಹಿಂದಕ್ಕೆ ಬಂದು ತನ್ನ ಕೆಲಸವನ್ನು ನೋಡಿಕೊಳ್ಳುತ್ತಾನೆ. ಮಾರನೆಯ ವಾರ ಎರಕಗಳನ್ನು ತಟ್ಟಿ ಉಜ್ಜಿ ಪರೀಕ್ಷೆಮಾಡುವ ಹೆಂಗಸರ ಕಣ್ಣಿಗೆ ಗುಳ್ಳೆಗಳು ಬೀಳುತ್ತವೆ. ಅವರು ಅವುಗಳನ್ನು ಎತ್ತಿ ಬದಿಗಿಡುತ್ತಾರೆ; ಏಕೆ ಹೀಗಾಯಿತೆಂದು ಅವರನ್ನು ಕೇಳುವವರಿಲ್ಲ, ತಾವಾಗಿ ಹೇಳುವ ರೂಢಿಯೂ ಇಲ್ಲ. ತಿಂಗಳ ಕೊನೆಯಲ್ಲಿ ನಷ್ಟದ ಲೆಕ್ಕವು ಮೇಲಿನವರೆಗೆ ಹೋಗುತ್ತದೆ. ಅಲ್ಲಿಂದ ಸಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ಮರಳು ಬೆರೆಸಿದವನ ತಲೆಯ ಮೇಲೆಯೇ ಬಂದು ಕೂರುತ್ತದೆ. ಆಮೇಲೆ ಅವನ ಬಾಯಿಂದ ಮಾತು ಹೊರಡುವುದೆಂದು ಯಾರೂ ನಿರೀಕ್ಷಿಸಬೇಕಾಗಿಲ್ಲ.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲವೆಂಬುದನ್ನು ಗಮನಿಸಬೇಕು. ಮೇಸ್ತ್ರಿ ದುಷ್ಟನಲ್ಲ, ಅವನಿಗೆ ಬೇರೆ ವಿಧದಲ್ಲಿ ನಡೆದುಕೊಳ್ಳಲು ಯಾರೂ ಕಲಿಸಿಲ್ಲ. ಒಳ್ಳೆಯ ಕೈಗೆಲಸಗಾರನೆಂಬ ಕಾರಣದಿಂದ ಅವನಿಗೆ ಬಡ್ತಿಕೊಟ್ಟರು. ಕೈಗೆಲಸ ಬೇರೆ, ಇಪ್ಪತ್ತು ಜನರ ಮಾತನ್ನು ಕೇಳಿ ತೂಗುವ ವಿದ್ಯೆ ಬೇರೆ. "ಬಾ, ನೋಡೋಣ" ಎಂದು ಅವನು ಆಳಿನೊಡನೆ ಮರಳಿನ ರಾಶಿಯವರೆಗೆ ಹತ್ತು ಹೆಜ್ಜೆ ನಡೆದಿದ್ದರೆ ಸಾಕಾಗಿತ್ತು. ಒಂದು ವೇಳೆ ಆಳಿನ ಊಹೆಯೇ ತಪ್ಪಾಗಿದ್ದರೂ, ಉಪಕರಣದಿಂದ ಅಳೆದು ತೋರಿಸಿ, ಕಾರಣವನ್ನು ಹೇಳಿದ್ದರೆ ಅವನು ಇನ್ನಷ್ಟು ಕಲಿಯುತ್ತಿದ್ದನು. ಕೇಳಿದ್ದನ್ನೆಲ್ಲ ಒಪ್ಪಬೇಕೆಂದು ಇದರ ಅರ್ಥವಲ್ಲ. ಒಪ್ಪದೆ ಇದ್ದಾಗ ಏಕೆಂದು ಹೇಳಬೇಕು, ಅಷ್ಟೆ.

ಜಪಾನಿನ ಟೊಯೋಟ ಕಾರಖಾನೆಗಳಲ್ಲಿ ಒಂದು ಪದ್ಧತಿಯಿದೆ. ಕೆಲಸಗಾರರ ಸಾಲಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗವನ್ನು ಕಟ್ಟಿರುತ್ತಾರೆ. ದೋಷವು ಯಾರ ಕಣ್ಣಿಗೆ ಬಿದ್ದರೂ, ಆತನು ನಿನ್ನೆ ಸೇರಿದವನೇ ಆಗಿದ್ದರೂ, ಹಗ್ಗವನ್ನೆಳೆಯಬಹುದು. ಒಡನೆ ಮುಂದಾಳು ಓಡಿಬರುತ್ತಾನೆ. ಕೂಡಲೇ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಅದೇ ದೇಶದಲ್ಲಿ ೧೯೬೨ರಿಂದ, ಒಂದೇ ಕಡೆ ಕೆಲಸಮಾಡುವ ಕೆಲವೇ ಜನರು ಕುಳಿತು ತಮ್ಮ ಕೆಲಸದ ಕುಂದುಕೊರತೆಗಳನ್ನು ತಾವೇ ವಿಚಾರಿಸುವ ಗುಣಮಟ್ಟದ ವೃತ್ತಗಳೆಂಬ ಕೂಟಗಳು ಹರಡಿದುವು. ೧೯೮೦ರ ಸುಮಾರಿಗೆ ಹೈದರಾಬಾದಿನ ಬಿ.ಹೆಚ್.ಇ.ಎಲ್. ಕಾರಖಾನೆಯ ಮೂಲಕ ಅವು ನಮ್ಮ ದೇಶಕ್ಕೂ ಬಂದುವು. ಬಹುಮಾನ ಸಮಾರಂಭವೇ ಗುರಿಯಾದ ಕಡೆಗಳಲ್ಲಿ ಇಂಥವು ಹೆಚ್ಚು ಕಾಲ ಬಾಳವು. ಹಗ್ಗವನ್ನೆಳೆದವನಿಗೆ ಬೈಗಳು ಬಿದ್ದರೆ ಮರುದಿನದಿಂದ ಹಗ್ಗವು ಬಟ್ಟೆ ಒಣಹಾಕುವುದಕ್ಕೂ ಬಾರದು.

ಮಾತನಾಡುವ ಧೈರ್ಯದ ಮಾತಾಯಿತು. ಯಾವ ಭಾಷೆಯಲ್ಲಿ ಮಾತನಾಡುವುದು? ಭದ್ರಾವತಿಯು ಹುಟ್ಟಿದಂದಿನಿಂದ ಹಲವು ನುಡಿಗಳ ಊರು. ಕಾರಖಾನೆಯ ಕೆಲಸಕ್ಕಾಗಿ ತಮಿಳರು, ತೆಲುಗರು ಬಂದು ನೆಲಸಿದರು, ಉರ್ದು ಮನೆಮಾತಿನವರಿದ್ದಾರೆ, ಈಚೆಗೆ ಉತ್ತರದೇಶದಿಂದ ಬಂದ ಹಿಂದಿಯ ತರುಣರೂ ಸೇರಿದ್ದಾರೆ. ೧೯೪೮ರ ಕಾರಖಾನೆಗಳ ಕಾಯಿದೆಯು ಪ್ರಕಟನೆಗಳನ್ನು ಇಂಗ್ಲಿಷಿನಲ್ಲಿಯೂ ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿಯೂ ಹಾಕಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ಕುದಿಯುವ ಲೋಹದ ಎದುರಿನಲ್ಲಿ ಕಡಮೆ ಸಂಖ್ಯೆಯವನ ಮೈಯೂ ಹೆಚ್ಚು ಸಂಖ್ಯೆಯವನ ಮೈಯಂತೆಯೇ ಸುಡುತ್ತದೆ. ಎರಡು ಭಾಷೆ ಬಲ್ಲ ಕೆಲಸಗಾರನನ್ನು ಇಂತಹ ಕಡೆ ಗುರುತಿಸಿ, ಹೊಸಬರಿಗೆ ಹೇಳಿಕೊಡುವ ಹೊಣೆಯನ್ನು ಅವನಿಗೆ ಒಪ್ಪಿಸುವುದು ಜಾಣತನ. ಹುದ್ದೆಯ ಹೆಸರಿಲ್ಲದೆ ಮುಂದಾಳುತನವು ಮೊಳೆಯುವುದು ಹೀಗೆಯೇ.

ಹೆಂಗಸರ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿದೆ. ಶಿವಮೊಗ್ಗೆಯ ಸುತ್ತಲಿನ ಹಳ್ಳಿಗಳಿಂದ ಬೆಳಗಾಗುವ ಮೊದಲೇ ಬಸ್ಸು ಹತ್ತಿ ಉಡುಪಿನ ಕಾರಖಾನೆಗಳಿಗೆ ಹೋಗುವ ತರುಣಿಯರನ್ನು ಕಾಣದವರಿಲ್ಲ. ಹೊಲಿಗೆಯ ಯಂತ್ರಗಳ ಮುಂದೆ ಕುಳಿತವರು ಹೆಚ್ಚಾಗಿ ಹೆಂಗಸರು. ಅವರ ಹಿಂದೆ ಗಡಿಯಾರ ನೋಡುತ್ತ ನಿಂತವನು ಅನೇಕ ಕಡೆಗಳಲ್ಲಿ ಗಂಡಸು. ಬೆಂಗಳೂರಿನ ಕೆಲವು ಉಡುಪಿನ ಕಾರಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆಯನ್ನು ನಡೆಸಿದರು. ಕಲಿಯಲಿಚ್ಛಿಸಿದ ಹೆಂಗಸರಲ್ಲಿ ಚೀಟಿಯೆತ್ತಿದಂತೆ ಕೆಲವರನ್ನು ಆರಿಸಿ, ಮಾತುಕತೆ, ಹೊತ್ತಿನ ಬಳಕೆ, ಹಣದ ಲೆಕ್ಕ, ಸಮಸ್ಯೆಗಳ ಪರಿಹಾರ ಇವುಗಳಲ್ಲಿ ಶಿಕ್ಷಣಕೊಟ್ಟರು. ಹೊಲಿಗೆಯ ಪಾಠ ಅದರಲ್ಲಿ ಇರಲೇ ಇಲ್ಲ. ಆದರೂ ಕಲಿತವರ ಕೆಲಸದ ಫಲ ಹೆಚ್ಚಿತು. ಅವರೊಡನೆ ಒಂದೇ ಸಾಲಿನಲ್ಲಿದ್ದು ಪಾಠಕ್ಕೆ ಹೋಗದಿದ್ದವರ ಕೆಲಸವೂ ಸುಧಾರಿಸಿತು. ಕಾರಖಾನೆಯು ಖರ್ಚುಮಾಡಿದುದಕ್ಕಿಂತ ಹೆಚ್ಚು ಹಣ ಹಿಂದಿರುಗಿತು. ಮಾಲೀಕರಿಗೆ ಧರ್ಮಬುದ್ಧಿ ಇಲ್ಲದಿದ್ದರೆ ಹೋಗಲಿ, ವ್ಯಾಪಾರಬುದ್ಧಿಯಾದರೂ ಇರಬೇಕಲ್ಲವೇ?

ರಾತ್ರಿಯ ಪಾಳಿಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಬಹುಕಾಲ ಹೆಂಗಸರನ್ನು ಕಾರಖಾನೆಯ ರಾತ್ರಿಯ ಕೆಲಸದಿಂದ ಕಾಯಿದೆಯೇ ದೂರವಿಟ್ಟಿತ್ತು. ೨೦೧೯ರಲ್ಲಿ ಕರ್ನಾಟಕ ಸರ್ಕಾರವು ರಕ್ಷಣೆಯ ನಿಬಂಧನೆಗಳೊಡನೆ ಅದಕ್ಕೆ ಅವಕಾಶವಿತ್ತಿತು. ಮನೆಯವರಿಗೆ ಅಂಜಿಕೆಯಿರುವುದು ಸಹಜ. ಆದರೆ ಹಲವು ಕಾರಖಾನೆಗಳಲ್ಲಿ ರಾತ್ರಿಯ ಪಾಳಿಯನ್ನು ನಡೆಸಿ ಅನುಭವವಿದ್ದವನಿಗೇ ಮೇಲ್ವಿಚಾರಕನ ಸ್ಥಾನ ದೊರೆಯುವ ರೂಢಿಯಿದೆ. ರಕ್ಷಣೆಯ ಹೆಸರಿನಲ್ಲಿ ಮುಚ್ಚಿದ ಬಾಗಿಲು ಬಡ್ತಿಯ ಬಾಗಿಲೂ ಆಗಿತ್ತೆಂಬುದನ್ನು ನಾವು ಬಹಳ ದಿನ ಗಮನಿಸಲಿಲ್ಲ. ವಾಹನ, ಬೆಳಕು, ಕಾವಲು ಇವುಗಳ ಏರ್ಪಾಟನ್ನು ಕೇಳಿ ತಿಳಿದುಕೊಳ್ಳುವುದು ತಂದೆತಾಯಿಗಳ ಹಕ್ಕು. ಮಗಳಿಗೆ ಮೇಲ್ವಿಚಾರಣೆಯ ಕೆಲಸ ಬಂದಾಗ "ನಮಗೇಕಮ್ಮ ಇಷ್ಟು ಜವಾಬ್ದಾರಿ" ಎಂದು ತಡೆಯುವುದು ಬೇರೆ ವಿಷಯ. ಈ ಮಾತನ್ನು ಮಗನಿಗೆ ಹೇಳುವ ತಾಯಿಯನ್ನು ಯಾರಾದರೂ ಕಂಡಿದ್ದೀರಾ?

ಮನೆಯ ಮಾತು ಬಂದಿತು. ಮಲೆನಾಡಿನ ಮನೆಯಂಗಳವೇ ಒಂದು ಕಾರಖಾನೆ. ಅಡಿಕೆಯ ಕೊಯ್ಲಿನ ದಿನಗಳಲ್ಲಿ ಹತ್ತಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಸುಲಿಯುತ್ತಾರೆ. ಕಾಯಿ ಎಷ್ಟು ಬಲಿತಿದೆ, ಯಾವುದನ್ನು ಬೇಯಿಸಬೇಕು, ಯಾವುದನ್ನು ಹಣ್ಣಾಗಲು ಬಿಟ್ಟು ಚಾಲಿ ಮಾಡಬೇಕು, ಚೊಗರು ಎಷ್ಟು ಹಾಕಿದರೆ ಬಣ್ಣ ಬರುತ್ತದೆ, ಇವೆಲ್ಲವೂ ಆ ಸಾಲಿನ ಹಿರಿಯಳೊಬ್ಬಳ ಬೆರಳ ತುದಿಯಲ್ಲಿರುತ್ತದೆ. ಶಿವಮೊಗ್ಗೆಯಲ್ಲಿ ೧೯೩೯ರಲ್ಲಿ ಬೆಳೆಗಾರರು ಕೂಡಿ ಕಟ್ಟಿದ ಮಾಮ್‌ಕೋಸ್ ಸಹಕಾರ ಸಂಘವು ಬೆಳೆಗಾರನಿಗೆ ಮಂಡಿಯ ವರ್ತಕನೆದುರು ಒಂದು ಧ್ವನಿಯನ್ನು ಕೊಟ್ಟಿತು. ಸುಲಿಯುವವಳಿಗೆ ಬೆಳೆಗಾರನ ಅಂಗಳದಲ್ಲಿ ಎಷ್ಟು ಧ್ವನಿಯಿದೆಯೆಂಬುದು ಆ ಮನೆಯ ಯಜಮಾನಿತಿಯ ಕೈಯಲ್ಲಿದೆ. ಅಳತೆಯ ಡಬ್ಬವನ್ನು ತುಂಬುವಾಗ ಅವಳೆದುರಿನಲ್ಲಿಯೇ ತುಂಬುವುದು, ಕಾಯಿಯ ವಿಷಯದಲ್ಲಿ ಅವಳ ಅಭಿಪ್ರಾಯವನ್ನು ಕೇಳುವುದು, ಹೊಸ ಹುಡುಗಿಗೆ ಕಲಿಸಿದುದಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು, ಇವಾವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಗಿಲ್ಲ.

ಇನ್ನು ಎಲ್ಲಕ್ಕಿಂತ ಕಠಿಣವಾದ ವಿಷಯ. ಸಂಸ್ಥಾನದ ಆ ಕಬ್ಬಿಣದ ಕಾರಖಾನೆಯು ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತು, ೧೯೮೯ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, ೧೯೯೮ರಲ್ಲಿ ಅದರಲ್ಲಿಯೇ ಲೀನವಾಯಿತು. ೨೦೨೩ರ ಜನವರಿಯಲ್ಲಿ, ಕುಲುಮೆಗೆ ನೂರು ವರ್ಷ ತುಂಬಿದ ಸಮಯದಲ್ಲಿಯೇ, ಅದನ್ನು ಮುಚ್ಚುವ ತೀರ್ಮಾನವು ಹೊರಬಿದ್ದಿತು. ಆಗ ಕಾರಖಾನೆಯ ಎದುರಿಗೆ ಧರಣಿ ಕುಳಿತವರು ಗುತ್ತಿಗೆಯ ಕಾರ್ಮಿಕರು. ಅದೇ ವರ್ಷ ಆಗಸ್ಟಿನಲ್ಲಿ ಕಾರಖಾನೆಯ ಒಂದು ಭಾಗವು ಮತ್ತೆ ನಡೆಯಲಾರಂಭಿಸಿತು. ಊರಿನ ಇನ್ನೊಂದು ಕಂಬವಾಗಿದ್ದ ಕಾಗದದ ಕಾರಖಾನೆಯಲ್ಲಿಯಂತೂ ಅದಕ್ಕೂ ಹಲವು ವರ್ಷ ಹಿಂದೆಯೇ ಉತ್ಪತ್ತಿ ನಿಂತುಹೋಗಿತ್ತು.

ಗುತ್ತಿಗೆಯ ಕೆಲಸಗಾರನ ಸ್ಥಿತಿಯನ್ನು ಯೋಚಿಸಿ ನೋಡಬೇಕು. ಯಂತ್ರವು ಯಾವ ಸದ್ದು ಮಾಡಿದರೆ ಯಾವ ರೋಗವೆಂದು ಅವನಿಗೆ ಗೊತ್ತು; ಆದರೆ ಅವನು ಆ ಕಾರಖಾನೆಯವನೇ ಅಲ್ಲವೆಂದು ಕಾಗದಗಳು ಹೇಳುತ್ತವೆ. ಹತ್ತು ಹದಿನೈದು ವರ್ಷ ದುಡಿದಮೇಲೂ ಅವನ ಸಂಬಳದ ಚೀಟಿಯಲ್ಲಿರುವುದು ಗುತ್ತಿಗೆದಾರನ ಹೆಸರು. ೧೯೭೦ರ ಗುತ್ತಿಗೆ ಕಾರ್ಮಿಕರ ಕಾಯಿದೆಯು, ಊಟದ ಮನೆ, ವಿಶ್ರಾಂತಿಯ ಕೊಠಡಿ, ಪ್ರಥಮ ಚಿಕಿತ್ಸೆ ಮುಂತಾದುವನ್ನು ಗುತ್ತಿಗೆದಾರನು ಒದಗಿಸದಿದ್ದರೆ ಮೂಲಮಾಲೀಕನೇ ಒದಗಿಸಬೇಕೆಂದಿತು. ಅವನ ಹೊಟ್ಟೆಗೂ ಗಾಯಕ್ಕೂ ಇಷ್ಟಾದರೂ ಆಯಿತು. ಅವನ ಬುದ್ಧಿಗೆ? ಖಾಯಂ ನೌಕರನಿಗೆ ಶಿಕ್ಷಣದ ತರಗತಿ, ಸಲಹೆಯ ಪೆಟ್ಟಿಗೆ, ಬಹುಮಾನ. ಅವನ ಮಗ್ಗುಲಲ್ಲಿಯೇ ಅದೇ ಸನ್ನೆಯನ್ನು ಹಿಡಿದು ಎತ್ತುವ ಗುತ್ತಿಗೆಯವನಿಗೆ ಬರಿಯ ಹಾಜರಿ. ಎಲ್ಲರನ್ನೂ ಒಳಗೊಳ್ಳುವ ಮುಂದಾಳುತನವೆಂದು ಸಭೆಗಳಲ್ಲಿ ಭಾಷಣಮಾಡುವ ಅಧಿಕಾರಿಗಳು ಮೊದಲು ಈ ಇಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ತೋರಿಸಲಿ. ಕಷ್ಟವಿದೆ, ನಿಜ: ಗುತ್ತಿಗೆಯವನಿಗೆ ಕಲಿಸಿದರೆ ನಾಳೆ ಅವನು ಖಾಯಂ ಕೆಲಸವನ್ನು ಕೇಳಿಯಾನೆಂಬ ಹೆದರಿಕೆ. ಕಲಿಸದಿದ್ದರೆ ಅವನ ಕೈಯಲ್ಲಿರುವ ಯಂತ್ರ ಏನನ್ನು ಕೇಳೀತೆಂಬುದನ್ನೂ ಲೆಕ್ಕಹಾಕಬೇಕು.

ಕಾಯಿದೆಯು ಈ ದಿಕ್ಕಿನಲ್ಲಿ ಮೆಲ್ಲಮೆಲ್ಲನೆ ನಡೆದಿದೆ. ನೂರು ಮಂದಿಯೂ ಮೇಲ್ಪಟ್ಟೂ ಇರುವ ಕಡೆಗಳಲ್ಲಿ, ಕಾರ್ಮಿಕರ ಪ್ರತಿನಿಧಿಗಳು ಮಾಲೀಕನ ಪ್ರತಿನಿಧಿಗಳಿಗಿಂತ ಕಡಮೆಯಾಗದಂತೆ ಕಾರ್ಯಸಮಿತಿಯನ್ನು ರಚಿಸಲು ಸರ್ಕಾರವು ಆಜ್ಞಾಪಿಸಬಹುದೆಂದು ೧೯೪೭ರಲ್ಲಿಯೇ ಕಾಯಿದೆಯಾಯಿತು. ೨೦೧೩ರ ಕಾಯಿದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಮಂದಿ ಕೆಲಸಮಾಡುವ ಪ್ರತಿಯೊಂದು ಸ್ಥಳದಲ್ಲಿಯೂ ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಒಳಸಮಿತಿ ಇರಬೇಕು. ಅದಕ್ಕೆ ಹಿರಿಯ ಸ್ಥಾನದಲ್ಲಿರುವ ಹೆಂಗಸೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಹೆಂಗಸರು. ಇನ್ನು ೨೦೨೦ರಲ್ಲಿ ರಚಿತವಾಗಿ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆಗಳ ಸಮಿತಿಯೊಂದಿರಬೇಕು. ಅದರಲ್ಲಿ ಎರಡು ಪಕ್ಷದವರೂ ಸಮಸಂಖ್ಯೆಯಲ್ಲಿರಬೇಕು, ಒಟ್ಟು ಹತ್ತು ಮಂದಿಯನ್ನು ಮೀರಬಾರದು. ಕೆಲಸಗಾರರಲ್ಲಿ ಹೆಂಗಸರ ಪ್ರಮಾಣವೆಷ್ಟೋ ಅದಕ್ಕೆ ಕಡಮೆಯಾಗದಂತೆ ಅವರು ಸಮಿತಿಯಲ್ಲಿರಬೇಕು. ಅಧ್ಯಕ್ಷತೆಯು ಒಂದು ವರ್ಷ ಮಾಲೀಕನ ಪಕ್ಷಕ್ಕೆ, ಮರುವರ್ಷ ಕಾರ್ಮಿಕರ ಪಕ್ಷಕ್ಕೆ ಸಲ್ಲಬೇಕು.

ಈ ಕೊನೆಯ ನಿಬಂಧನೆಯು ಬಹಳ ಜನರಿಗೆ ತಿಳಿದಿಲ್ಲ. ಮಾಚೇನಹಳ್ಳಿಗೋ ಭದ್ರಾವತಿಗೋ ದುಡಿಯಲು ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ, ಈ ವರ್ಷ ಅಧ್ಯಕ್ಷನ ಕುರ್ಚಿ ಯಾರ ಸರದಿಯೆಂದು ರಾತ್ರಿಯ ಊಟದ ಹೊತ್ತಿನಲ್ಲಿ ಅವರನ್ನೊಮ್ಮೆ ಕೇಳಿನೋಡಿರಿ. ಗುತ್ತಿಗೆಯವರ ದೂರು ಆ ಸಮಿತಿಯ ಮುಂದೆ ಬರುವುದೋ ಇಲ್ಲವೋ ಎಂಬುದನ್ನೂ ಕೇಳಿರಿ.